ಪಹರೆ ಯಾರ ಕೈಯಲ್ಲಿದೆ?

2010ರ ಆಗಸ್ಟ್ 7, ಶನಿವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಂಬಯಿ ಬಂದರಿನ ಬಾಯಲ್ಲಿ ಎರಡು ಹಡಗುಗಳು ಡಿಕ್ಕಿಯಾದವು. ‘ಎಂಎಸ್‌ಸಿ ಚಿತ್ರಾ’ ನ್ಹಾವಾ ಶೇವಾದಿಂದ ಹೊರಟಿದ್ದ ಕಂಟೇನರ್ ಹಡಗು. ‘ಖಲೀಜಿಯಾ-3’ ಒಳಬರುತ್ತಿದ್ದ ಸರಕು ಹಡಗು. ಚಿತ್ರಾ ಒಂದು ಮಗ್ಗುಲಿಗೆ ವಾಲಿತು. ಅದರ ಮೇಲಿದ್ದ ಸುಮಾರು 1,200 ಕಂಟೇನರ್‌ಗಳಲ್ಲಿ 300ರಷ್ಟು ನೀರಿಗೆ ಬಿದ್ದವು, ಕೆಲವುಗಳಲ್ಲಿ ಕೀಟನಾಶಕವಿತ್ತು. ಸುಮಾರು 800 ಟನ್ ಎಣ್ಣೆ ಸೋರಿ ಅಲಿಬಾಗ್‌ವರೆಗಿನ ದಡಕ್ಕೆ, ಕಾಂಡ್ಲಾ ಗಿಡಗಳ ಬುಡಕ್ಕೆ ಅಂಟಿತು. ತೇಲುವ ಕಂಟೇನರ್‌ಗಳ ಭಯಕ್ಕೆ ಎರಡೂ ಬಂದರುಗಳು ಕೆಲವು ದಿನ ಸ್ತಬ್ಧವಾದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೆ ನಮ್ಮ ಬೊರಿವಲಿಯ ಕರಾವಳಿ ಕನ್ನಡಿಗರ ಮನೆಗಳಲ್ಲೂ ಮೀನು ತರಲು ಹಿಂಜರಿದ ದಿನಗಳವು.

ಯೆಲ್ಲೋ ಗೇಟ್ ಪೊಲೀಸರು ಇಬ್ಬರು ಕಪ್ತಾನರ ಮೇಲೂ ಪ್ರಕರಣ ದಾಖಲಿಸಿದರು. ಹಗಲು ಹೊತ್ತು, ಎರಡರಲ್ಲೂ ರೇಡಾರ್, ಎರಡರಲ್ಲೂ ರೇಡಿಯೋ. ಆದರೂ ಇಬ್ಬರ ನಡುವೆ ‘ನೀನು ಅತ್ತ, ನಾನು ಇತ್ತ’ ಎಂಬ ಒಪ್ಪಂದ ಸಕಾಲಕ್ಕೆ ಆಗಲಿಲ್ಲ.

ಹಡಗಿನ ಮೇಲಂತಸ್ತಿನಲ್ಲಿ, ಬ್ರಿಜ್ ಎನ್ನುವ ಕೋಣೆಯಲ್ಲಿ, ಯಾವ ಹೊತ್ತಿನಲ್ಲೂ ಒಬ್ಬ ಪಹರೆ ಅಧಿಕಾರಿ ಇರುತ್ತಾನೆ. ನಾಲ್ಕು ಗಂಟೆಗೊಂದು ಪಾಳಿ. ರೂಢಿಯಂತೆ ಎಂಟರಿಂದ ಹನ್ನೆರಡು ಮೂರನೇ ಅಧಿಕಾರಿಯದು, ಹನ್ನೆರಡರಿಂದ ನಾಲ್ಕು ಎರಡನೆಯವನದು, ನಾಲ್ಕರಿಂದ ಎಂಟು ಮುಖ್ಯ ಅಧಿಕಾರಿಯದು. ಹಗಲಿಗೂ ರಾತ್ರಿಗೂ ಇದೇ ಲೆಕ್ಕ. ಅವನ ಮೊದಲ ಕೆಲಸ ನೋಡುವುದು, ಕೇಳುವುದು. ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಹೇಳುವುದೂ ಇಷ್ಟೇ: ಕಣ್ಣಿನಿಂದ, ಕಿವಿಯಿಂದ, ಕೈಗೆ ಸಿಗುವ ಎಲ್ಲ ಸಾಧನಗಳಿಂದ ಸದಾ ಕಾವಲಿರಬೇಕು. ಕಣ್ಣು ಕಿವಿ ಮೊದಲು, ಯಂತ್ರ ಆಮೇಲೆ. ಈ ಕ್ರಮ ನನಗೆ ತುಂಬ ಹಿಡಿಸಿತು.

ಎದುರಿನ ಹಡಗು ಅಪಾಯವೋ ಅಲ್ಲವೋ ಎಂದು ತಿಳಿಯುವ ಉಪಾಯ ಹಳೆಯದು. ದಿಕ್ಸೂಚಿಯಲ್ಲಿ ಅದರ ದಿಕ್ಕನ್ನು ಮತ್ತೆ ಮತ್ತೆ ಅಳೆಯಬೇಕು. ಅಡ್ಡರಸ್ತೆಯಿಂದ ಬರುವ ಬಸ್ಸು ನಮ್ಮ ಕಾರಿನ ಕಿಟಕಿಯ ಒಂದೇ ಜಾಗದಲ್ಲಿ ನಿಂತ ಹಾಗೆ ಕಂಡು ಬರೀ ದೊಡ್ಡದಾಗುತ್ತಾ ಹೋದರೆ ಏನಾಗುತ್ತದೆಂದು ನಮಗೆ ಗೊತ್ತು. ಸಮುದ್ರದಲ್ಲೂ ಹಾಗೆಯೇ. ದಿಕ್ಕು ಬದಲಾಗದೆ ದೂರ ಕಡಿಮೆಯಾದರೆ ಡಿಕ್ಕಿ. ಏಳನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅನುಮಾನವಿದ್ದರೆ ಅಪಾಯ ಇದೆಯೆಂದೇ ತಿಳಿಯಬೇಕು, ಅರೆಬರೆ ಮಾಹಿತಿಯಿಂದ, ಅದರಲ್ಲೂ ರೇಡಾರಿನ ಅರೆಬರೆ ಮಾಹಿತಿಯಿಂದ, ತೀರ್ಮಾನಕ್ಕೆ ಬರಬಾರದು. 1956ರ ಜುಲೈನಲ್ಲಿ ನ್ಯಾಂಟಕೆಟ್ ಬಳಿಯ ಮಂಜಿನಲ್ಲಿ ‘ಆಂಡ್ರಿಯಾ ಡೋರಿಯಾ’, ‘ಸ್ಟಾಕ್‌ಹೋಮ್’ ಎಂಬ ಎರಡು ಪ್ರಯಾಣಿಕ ಹಡಗುಗಳು ಒಂದನ್ನೊಂದು ರೇಡಾರಿನಲ್ಲಿ ನೋಡುತ್ತಲೇ ಡಿಕ್ಕಿಯಾಗಿ 51 ಜನ ಸತ್ತಿದ್ದರು. ಯಂತ್ರ ಕಂಡಿತ್ತು, ಕಂಡದ್ದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡರು.

ಪಾಳಿ ಒಪ್ಪಿಸುವ ಬಗೆ ಇನ್ನೂ ಸ್ವಾರಸ್ಯದ್ದು. ನಮ್ಮ ಐಟಿ ಜಗತ್ತಿನಲ್ಲಿ ರಾತ್ರಿ ಪಾಳಿಯವರು ಒಂದು ಮೇಲ್ ಹಾಕಿ, ಬ್ಯಾಗು ಹೆಗಲಿಗೇರಿಸಿ ಲೋಕಲ್ ಹಿಡಿಯುತ್ತಾರೆ. ಹಡಗಿನಲ್ಲಿ ಅದು ನಡೆಯದು. ನಾವಿಕರ ತರಬೇತಿ ಮತ್ತು ಪಹರೆಯ ಬಗ್ಗೆ 1978ರಲ್ಲಿ ಆದ ಒಪ್ಪಂದದ ಸಂಹಿತೆಯ ಪ್ರಕಾರ, ಹೊಸಬನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳುವ ತನಕ ಅವನು ಪಹರೆ ವಹಿಸಿಕೊಳ್ಳುವಂತಿಲ್ಲ. ಹಡಗಿನ ಸ್ಥಾನ, ವೇಗ, ಭರತ, ಸುತ್ತಲಿನ ಹಡಗುಗಳು, ಎಲ್ಲವನ್ನೂ ಅವನೇ ಪರಿಶೀಲಿಸಬೇಕು. ಬಂದವನು ಕುಡಿದಿದ್ದಾನೆ, ಕಾಯಿಲೆ ಬಿದ್ದಿದ್ದಾನೆ ಅನ್ನಿಸಿದರೆ ಇದ್ದವನು ಒಪ್ಪಿಸಬಾರದು, ಕಪ್ತಾನನಿಗೆ ಹೇಳಬೇಕು. ಅಪಾಯ ತಪ್ಪಿಸಲು ಹಡಗು ತಿರುಗಿಸುತ್ತಿರುವಾಗ ಗಂಟೆ ಹನ್ನೆರಡಾದರೂ ಪಾಳಿ ಬದಲಾಗದು. ಕಪ್ತಾನ ಬಂದು ಪಕ್ಕದಲ್ಲಿ ನಿಂತ ಮಾತ್ರಕ್ಕೆ ಹೊಣೆ ಅವನದಾಗುವುದಿಲ್ಲ. ‘ಇನ್ನು ನನ್ನದು’ ಎಂದು ಅವನು ಬಾಯಿಬಿಟ್ಟು ಹೇಳಿ, ಇಬ್ಬರಿಗೂ ಅದು ಖಚಿತವಾಗಬೇಕು. ಬಂದರಿನ ಪೈಲಟ್ ಹಡಗಿನಲ್ಲಿದ್ದರೂ ಅಧಿಕಾರಿಯ ಹೊಣೆ ತಪ್ಪುವುದಿಲ್ಲ. ಹೊಣೆ ಯಾರದೂ ಅಲ್ಲದ ಒಂದು ನಿಮಿಷವೂ ಉಳಿಯಬಾರದೆಂಬುದೇ ಇಷ್ಟು ಬರಹದ ಗುರಿ.

ಚಿತ್ರಾ ಮುಗಿಯಿತು ಅನ್ನುವಷ್ಟರಲ್ಲಿ, 2011ರ ಜನವರಿ 30ರಂದು ನೌಕಾಪಡೆಯ ‘ವಿಂಧ್ಯಗಿರಿ’ ಅದೇ ಬಂದರಿನಲ್ಲಿ ‘ನಾರ್ಡ್‌ಲೇಕ್’ ಎಂಬ ವ್ಯಾಪಾರಿ ಹಡಗಿಗೆ ಡಿಕ್ಕಿಯಾಗಿ, ಬೆಂಕಿ ಹತ್ತಿ, ಮುಳುಗಿತು. ಜೂನ್‌ನಲ್ಲಿ ಗುಜರಿಗೆಂದು ಆಲಂಗ್‌ಗೆ ಎಳೆದೊಯ್ಯುತ್ತಿದ್ದ ‘ವಿಸ್ಡಮ್’ ಹಗ್ಗ ಕಡಿದು ಜುಹೂ ದಡಕ್ಕೆ ಬಂತು. ಅದನ್ನು ನೋಡಲು ಊರೇ ನೆರೆಯಿತು.

ಜುಲೈ 31ರ ಭಾನುವಾರ ಬಂದದ್ದು ಮಾತ್ರ ಬೇರೆಯೇ ತರದ್ದು. ‘ಪವಿತ್’ ಎಂಬ ಹಡಗನ್ನು ಸುಮಾರು ಒಂದು ತಿಂಗಳ ಹಿಂದೆ, ಒಮಾನ್ ಕರಾವಳಿಯಾಚೆ, ನೀರು ನುಗ್ಗಿದಾಗ 13 ಸಿಬ್ಬಂದಿ ಬಿಟ್ಟುಬಂದಿದ್ದರು. ಬ್ರಿಟಿಷ್ ಯುದ್ಧನೌಕೆಯೊಂದು ಅವರನ್ನು ಉಳಿಸಿತ್ತು. ಹಡಗು ಮುಳುಗಿರಬೇಕೆಂದು ಎಲ್ಲರೂ ನಂಬಿದ್ದರು. ಅದು ಮುಳುಗಲಿಲ್ಲ. ಮುಂಗಾರಿನ ಗಾಳಿ, ಅಲೆ ನೂಕಿದತ್ತ ಅರಬ್ಬೀ ಸಮುದ್ರ ದಾಟಿ, ಬೊರಿವಲಿಯಿಂದ ಲೋಕಲ್‌ನಲ್ಲಿ ಅರ್ಧ ಗಂಟೆ ದೂರದ ಅಂಧೇರಿಯ ಪಡುವಣ ದಡದಲ್ಲಿ, ಜುಹೂ–ವರ್ಸೋವಾ ಮರಳಿನ ಮೇಲೆ ನಿಂತಿತು. 26/11 ಕಳೆದು ಮೂರು ವರ್ಷವೂ ಆಗಿರಲಿಲ್ಲ. ನೌಕಾಪಡೆ, ಕರಾವಳಿ ಕಾವಲು ಪಡೆ, ಸಾಗರ ಪೊಲೀಸರು, ಮೂರು ಸುತ್ತಿನ ಕಾವಲು ನಮಗಿತ್ತು. ಸಾವಿರ ಟನ್ನಿನ ಕಬ್ಬಿಣ ದಡ ಮುಟ್ಟುವವರೆಗೆ ಮೂವರಲ್ಲಿ ಯಾರಿಗೂ ಕಾಣಲಿಲ್ಲ. ಹಡಗಿನಲ್ಲಿ ಪಹರೆಯವನಿರಲಿಲ್ಲ, ದಡದಲ್ಲಿ ಪ್ರತಿಯೊಬ್ಬರೂ ಪಕ್ಕದವರು ನೋಡುತ್ತಿದ್ದಾರೆ ಅಂದುಕೊಂಡಿದ್ದರೋ ಏನೋ. ಆಗಸ್ಟ್‌ನಲ್ಲಿ ಅದನ್ನು ಮರಳಿನಿಂದ ಬಿಡಿಸಿ ಎಳೆದೊಯ್ದರು.