ಪರ್ಣಶಾಲೆ ಮತ್ತು ಕೊಂಪೆ: ಸುಕ್ಕೋತ್ ಹಬ್ಬದ ಅರ್ಥ

ಯೆಹೂದಿಗಳ ಸುಕ್ಕೋತ್ ಹಬ್ಬದ ಬಗ್ಗೆ ಮಾತಾಡ್ತೀನಿ ಅಂದಾಗ ಒಬ್ಬರು, ‘ಕರಣಕೋಟಕ್ಕೂ ಅದಕ್ಕೂ ಏನು ಸಂಬಂಧ?’ ಅಂತ ಕೇಳಿದ್ರು. ನಮ್ಮ ಎಳ್ಳಮಾಸಿಯ ಕೊಂಪೆಯೇ ಆ ಸಂಬಂಧ.

ನಮ್ಮ ಕಡೆ ಮನೆಗಳಿಗೆ ತಾಂಡೂರಿನ ಹಾಸುಗಲ್ಲು. ಆದರೂ ಎಳ್ಳಮಾಸಿಯ ದಿನ ಒಕ್ಕಲಿಗರು ಮನೆ ಬಿಟ್ಟು ಹೊಲಕ್ಕೆ ಹೋಗ್ತಾರೆ. ಜೋಳದ ದಂಟಿನಿಂದ ಕೊಂಪೆ ಕಟ್ಟಿ, ಒಳಗೆ ಪಾಂಡವರನ್ನಿಟ್ಟು ಪೂಜಿಸ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಡೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಬಂದವರ ಜೊತೆ ಊಟಕ್ಕೆ ಕೂಡ್ತಾರೆ.

ಸುಕ್ಕೋತ್ ಕೂಡ ಮೊದಲಿಗೆ ಒಕ್ಕಲುತನದ ಹಬ್ಬ. ವಿಮೋಚನಕಾಂಡದಲ್ಲಿ ಅದು ವರ್ಷದ ಕೊನೆಯ ಸುಗ್ಗಿ. ಯಾಜಕಕಾಂಡದ 23ನೇ ಅಧ್ಯಾಯ ಇನ್ನೊಂದು ಕಾರಣ ಸೇರಿಸುತ್ತದೆ: ಈಜಿಪ್ಟಿನಿಂದ ಹೊರಟ ಜನ ಗುಡಿಸಲಲ್ಲಿ ಬದುಕಿದ್ದನ್ನು ಮುಂದಿನವರು ಮರೆಯಬಾರದು, ಅದಕ್ಕೇ ಏಳು ದಿನ ಗುಡಿಸಲಲ್ಲಿರಬೇಕು. ಕಣಜ ತುಂಬಿದ ಹೊತ್ತಲ್ಲೇ ಮನೆಯಿಲ್ಲದ ದಿನಗಳನ್ನು ನೆನೆಯುವುದು, ಹಬ್ಬದ ಆಧ್ಯಾತ್ಮಿಕ ಅರ್ಥ ಇದು ಅಂತ ನನಗನ್ಸುತ್ತೆ. ಈ ಸಂತೋಷದಲ್ಲಿ ಆಳು, ಪರದೇಶಿ, ಅನಾಥ, ವಿಧವೆಯರೂ ಇರಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶ ಮಾಡಿದರು. ಅಲ್ಲಿಗೆ ಹೋಗಿ ಬಲಿ ಕೊಡುವುದು ನಿಂತಿತು. ಚದುರಿದ ಜನರಲ್ಲಿ ಅನೇಕರಿಗೆ ಹೊಲವೂ ಇಲ್ಲವಾಯಿತು. ಗುಡಿಸಲು ಮಾತ್ರ ಉಳಿಯಿತು. ಸುಮಾರು 200ರ ಹೊತ್ತಿಗೆ ಸಿದ್ಧವಾದ ಮಿಶ್ನಾದಲ್ಲಿ ಇದಕ್ಕೇ ಒಂದು ಭಾಗವಿದೆ: ಚಾವಣಿಗೆ ನೆಲದಲ್ಲಿ ಬೆಳೆದದ್ದನ್ನು ಕೊಯ್ದು ಹೊದಿಸಬೇಕು, ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಅಂದಮೇಲೆ ಯಾವ ಊರಿನ ಸೊಪ್ಪಾದರೂ ನಡೆಯುತ್ತೆ. ಕೊಚ್ಚಿಯ ಯೆಹೂದಿಗಳು ತೆಂಗಿನ ಗರಿ ಹೊದಿಸಿದರು.

ಕನ್ನಡ ಬೈಬಲ್ ಈ ಗುಡಿಸಲನ್ನು ‘ಪರ್ಣಶಾಲೆ’ ಎನ್ನುತ್ತದೆ. ಆ ಪದ ಕೇಳಿದ ಕೂಡಲೇ ನಮಗೆ ವನವಾಸ ನೆನಪಾಗುತ್ತೆ. ಕೊಂಪೆಯಲ್ಲಿ ಕೂರುವ ಪಾಂಡವರೂ ವನವಾಸ ಕಂಡವರೇ ಅಲ್ವಾ? ವ್ಯತ್ಯಾಸವೂ ಇದೆ. ಅವರದು ಬೆಳೆ ಮನೆಗೆ ಬಂದ ಮೇಲಿನ ಹಬ್ಬ, ನಮ್ಮದು ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುವಾಗಿನದು. ಅಲ್ಲಿ ಹಿಂದಿನ ನೆನಪು ಮುಖ್ಯ, ಇಲ್ಲಿ ಭೂತಾಯಿಯ ಬಯಕೆ ತೀರಿಸುವುದು ಮುಖ್ಯ.

ನಮ್ಮ ಮನೆಯಲ್ಲಿ ಈಗ ಒಕ್ಕಲುತನ ಇಲ್ಲ. ‘ಹೊಲಾನೇ ಇಲ್ಲ, ಕೊಂಪಿ ಎಲ್ಲಿ ಕಟ್ತಿ?’ ಅಂತಾಳೆ ಅಜ್ಜಿ. ಹೊಲವಿಲ್ಲದೆಯೂ ಎಷ್ಟೋ ತಲೆಮಾರು ಸುಗ್ಗಿಯ ಗುಡಿಸಲು ಕಟ್ಟಿದವರ ಚರಿತ್ರೆ ಆ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತೆ. ಕೊಂಪೆಯನ್ನು ಅಂಗಳದಲ್ಲೂ ಕಟ್ಟಬಹುದು. ಚರಗ ಎಲ್ಲಿ ಚೆಲ್ಲೋದು? ಅದು ನನಗಿನ್ನೂ ಬಗೆಹರಿದಿಲ್ಲ. ಚರ್ಚೆಯಲ್ಲಿ ನೀವು ಹೇಳಬೇಕು.