ಆಟಿಯ ಪತ್ರೊಡೆ, ರಾತ್ರಿಯ ಶಾಲೆ: ಮುಂಬಯಿ ಸಂಘಗಳು ಯಾಕೆ ಹುಟ್ಟಿದವು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದುವವರಿಗಾಗಿ ಎಂದಿನಂತೆ ಬರಹ ರೂಪ ಇಲ್ಲಿದೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ನಮ್ಮ ಕೋಪರಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವದ ಬಜೆಟ್ ಮಾಡುವ ಕೆಲಸ ಈ ಸಲ ನನ್ನ ತಲೆಗೆ ಬಂತು. ಎಕ್ಸೆಲ್ ಗೊತ್ತಿದೆ ಅನ್ನುವುದೇ ನಾನು ಮಾಡಿದ ತಪ್ಪು. ಹಾಲ್ ಬಾಡಿಗೆ, ಸೌಂಡ್, ಊಟ, ಮಕ್ಕಳ ಡ್ಯಾನ್ಸಿನ ಬಟ್ಟೆ, ಶಾಲು, ಹಾರ, ಸ್ಮರಣಿಕೆ ಎಲ್ಲ ಬರೆದು ಕೂಡಿಸುತ್ತಿದ್ದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ದೊಡ್ಡಪ್ಪ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಆಮೇಲೆ ಕೇಳಿದರು: "ಇದ್ರಲ್ಲಿ ಶಾಲೆಯ ಖರ್ಚು ಎಲ್ಲಿ ಉಂಟು ಮಾರಾಯ?"

"ಯಾವ ಶಾಲೆ ದೊಡ್ಡಪ್ಪ?"

"ಶಾಲೆ ಇಲ್ಲದ್ದು ಸಂಘ ಎಂತದ್ದು ಮತ್ತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಈ ವಾರದ ಮಾತು ಹುಟ್ಟಿದ್ದು ಅಲ್ಲಿಂದ.

ದೊಡ್ಡಪ್ಪ ಕಾರ್ಕಳದ ಕಡೆಯಿಂದ 1964ರಲ್ಲಿ ಇಲ್ಲಿಗೆ ಬಂದವರು. ಆಗ ಅವರಿಗೆ ಹದಿಮೂರು ವರ್ಷ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ನಾವೀಗ ಮಂಗಳೂರಿಗೆ ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ, ನೆನಪಿರಲಿ. ಫೋರ್ಟ್ ಏರಿಯಾದ ಒಂದು ಹೋಟೆಲಿನಲ್ಲಿ ಪ್ಲೇಟು ತೊಳೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಐದಕ್ಕೆ ಏಳಬೇಕು. ಮಲಗುವುದೂ ಅದೇ ಹೋಟೆಲಿನ ಬೆಂಚುಗಳನ್ನು ಜೋಡಿಸಿ. ಸಂಜೆ ಮಾತ್ರ ಮಾಲೀಕರು ಹುಡುಗರನ್ನು ಬಿಡುತ್ತಿದ್ದರು, ರಾತ್ರಿ ಶಾಲೆಗೆ. ಮೇಷ್ಟ್ರುಗಳೂ ಹಗಲು ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಐದೂವರೆಗೆ ಡ್ಯೂಟಿ ಮುಗಿಸಿ ಬಂದು ಪಾಠ ಮಾಡುವವರು. ಅರ್ಧ ಕ್ಲಾಸು ತೂಕಡಿಸುತ್ತಿತ್ತಂತೆ. "ಮೇಷ್ಟ್ರೂ ತೂಕಡಿಸುವವರೇ, ಅದಕ್ಕೆ ಬೈತಿರ್ಲಿಲ್ಲ" ಅಂತ ದೊಡ್ಡಪ್ಪ ನಗುತ್ತಾರೆ. ಹೀಗೆ ಕಲಿತು ಎಸ್ಸೆಸ್ಸಿ ಪಾಸಾದರು, ಬ್ಯಾಂಕ್ ಸೇರಿದರು. ಆ ಮಾರ್ಕ್ಸ್ ಕಾರ್ಡು ಇಲ್ಲದಿದ್ದರೆ ನನ್ನ ಅಪ್ಪ ಕಾಲೇಜಿನ ಮುಖ ನೋಡುತ್ತಿರಲಿಲ್ಲ, ನಾನು ಎಂಟೆಕ್ ಮಾಡುವುದು ಆಮೇಲಿನ ಮಾತು.

ಈಗ ಸ್ವಲ್ಪ ಇಸವಿಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902. ಮೈಸೂರು ಅಸೋಸಿಯೇಷನ್ 1926. ಬಂಟರ ಸಂಘ 1927. ಬಿಲ್ಲವರ ಅಸೋಸಿಯೇಷನ್ 1932. ಮಾಹಿಮಿನ ಕರ್ನಾಟಕ ಸಂಘ 1933. ಹೆಸರುಗಳನ್ನು ನೋಡಿದರೆ ಗೊತ್ತಾಗುತ್ತದೆ, ಹೆಚ್ಚಿನವು ಜಾತಿಯ ಸಂಘಗಳೇ. ಅದನ್ನು ಮುಚ್ಚಿಡಬೇಕಿಲ್ಲ, ಗುರುತು ಪರಿಚಯ ಇಲ್ಲದ ಊರಿನಲ್ಲಿ ಸಾಲಕ್ಕೆ ಜಾಮೀನು ಹಾಕುವವನು, ಸತ್ತರೆ ಹೆಗಲು ಕೊಡುವವನು ಸಿಗುತ್ತಿದ್ದದ್ದು ಆ ದಾರಿಯಲ್ಲಿ. ಆದರೆ ರಾತ್ರಿ ಶಾಲೆಯ ಬೆಂಚಿನಲ್ಲಿ ಎಲ್ಲರೂ ಬೆರೆತರು ಅಂತ ದೊಡ್ಡಪ್ಪ ಹೇಳುತ್ತಾರೆ. ಹೆಣ್ಣುಮಕ್ಕಳನ್ನು ಬಿಟ್ಟು, ಅಂತ ನಾನು ಸೇರಿಸುತ್ತೇನೆ. ಬಿಲ್ಲವರ ಅಸೋಸಿಯೇಷನ್ ನಾರಾಯಣ ಗುರುಗಳ ಹೆಸರಿನಲ್ಲಿ ರಾತ್ರಿ ಹೈಸ್ಕೂಲು ನಡೆಸಿತು, 1978ರಲ್ಲಿ ಭಾರತ್ ಬ್ಯಾಂಕ್ ಶುರುಮಾಡಿತು. ಹೋಟೆಲ್ ಹುಡುಗರ ಸಂಘಟನೆ ಬ್ಯಾಂಕಿನವರೆಗೆ ಹೋದ ಕಥೆ ಇದು. ಯಾವ ಸ್ಟಾರ್ಟಪ್ ಕಥೆಗೂ ಕಡಿಮೆಯಿಲ್ಲ, ಆದರೆ ಲಿಂಕ್ಡ್‌ಇನ್‌ನಲ್ಲಿ ಯಾರೂ ಹಾಕುವುದಿಲ್ಲ.

ಇನ್ನೊಂದು ತಮಾಷೆ ಇದೆ. ನಾವು ಮುಂಬಯಿ ಕನ್ನಡಿಗರನ್ನು ಹೊರನಾಡ ಕನ್ನಡಿಗರು ಅನ್ನುತ್ತೇವೆ. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ ಮುಂಬಯಿಯೇ ರಾಜಧಾನಿ. ಧಾರವಾಡದ ಹುಡುಗ ಬಿ.ಎ. ಮಾಡಿದರೆ ಡಿಗ್ರಿ ಮುಂಬಯಿ ವಿಶ್ವವಿದ್ಯಾಲಯದ್ದು. ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದೇ 1949ರಲ್ಲಿ. ಹೊರಗಿನವರು ಅಂದರೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದವರು, ಮತ್ತೆ ಮೈಸೂರಿನವರು. 1951ರಲ್ಲಿ ಮುಂಬಯಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರು ಮಂಜೇಶ್ವರದ ಗೋವಿಂದ ಪೈ. ಐದು ವರ್ಷದಲ್ಲಿ ಗೆರೆ ಎಳೆದರು. ಕನ್ನಡ ರಾಜ್ಯ ಬೇಕು ಎಂದು ಇಲ್ಲಿ ಕೂತು ಕೇಳಿದವರು ಆ ರಾಜ್ಯದ ಆಚೆ ಉಳಿದರು, ಗೋವಿಂದ ಪೈಗಳ ಮಂಜೇಶ್ವರ ಕೇರಳಕ್ಕೆ ಹೋಯಿತು. ಇಲ್ಲಿ ರಾಜ್ಯೋತ್ಸವ ಮಾಡುವಾಗ ನನಗೆ ಇದು ನೆನಪಾಗುತ್ತದೆ.

ಸರಿ, ಹಬ್ಬಗಳಿಗೆ ಬರೋಣ. ಮುಂಬಯಿ ತುಳು-ಕನ್ನಡಿಗರ ಕ್ಯಾಲೆಂಡರಿನಲ್ಲಿ ಅತಿ ಗಲಾಟೆಯ ಕಾಲ ಜುಲೈ-ಆಗಸ್ಟ್. ಯಾಕೆ ಗೊತ್ತಾ? ಊರಲ್ಲಿ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಗೆ, ಪತ್ತನಾಜೆ. ಅಂದು ಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟಕ್ಕೆ ಮಳೆ ಬಿಡುವುದಿಲ್ಲ. ಮಳೆಗಾಲಕ್ಕೆ ಕಲಾವಿದರಿಗೆ ಕೆಲಸವಿಲ್ಲ, ಮುಂಬಯಿಯಲ್ಲಿ ಸಭಾಂಗಣಗಳಿಗೆ ಮಾಡು ಇದೆ, ಕೆಳಗೆ ನೋಡುವ ಜನ ಇದ್ದಾರೆ. ಹಾಗಾಗಿ ತಂಡಗಳು ಇಲ್ಲಿಗೆ ಬಂದು ಥಾಣೆ, ಡೊಂಬಿವಲಿ, ನವಿಮುಂಬಯಿ ಅಂತ ತಿರುಗುತ್ತವೆ. ಊರಿನ ಆಫ್ ಸೀಸನ್ ಇಲ್ಲಿ ಸೀಸನ್.

ಅದೇ ಹೊತ್ತಿಗೆ ಆಟಿ ಕೂಟ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ನನ್ನ ಅಜ್ಜಿಗೆ ಆ ಹೆಸರು ಕೇಳಿದರೆ ಮುಖ ಸಣ್ಣದಾಗುತ್ತಿತ್ತು. ಹಳೆ ಅಕ್ಕಿ ಮುಗಿದು ಹೊಸ ಪೈರು ಇನ್ನೂ ಗದ್ದೆಯಲ್ಲಿರುವ ಸಮಯ, ಮದುವೆ ಮುಂಜಿ ಇಲ್ಲ, ಜ್ವರ ಮನೆಮನೆಗೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಲ್ಲಿ ಜಜ್ಜಿ ಹಾಲೆ ಮರದ ತೊಗಟೆ ತರಬೇಕು. ಅದರ ಕಷಾಯ ಕುಡಿದು ಮೆಂತೆ ಗಂಜಿ ಉಣ್ಣಬೇಕು. ಮಾರಿ ಕಳೆಯಲು ಆಟಿಕಳೆಂಜ ಮನೆಬಾಗಿಲಿಗೆ ಬರುತ್ತಿದ್ದ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ತಜಂಕ್ ಸೊಪ್ಪು, ಕೂಡಿಟ್ಟ ಹಲಸಿನ ಬೀಜ ಇದೆಲ್ಲ ಬೇರೆ ಏನೂ ಇಲ್ಲದಾಗ ತಿಂದದ್ದು. ಅದನ್ನೇ ನಾವೀಗ ಎಸಿ ಹಾಲಿನಲ್ಲಿ ಬಫೆ ಮಾಡಿ, ಪತ್ರೊಡೆಗೆ ಕ್ಯೂ ನಿಂತು, ಸೆಲ್ಫಿ ತೆಗೆಯುತ್ತೇವೆ.

ಇದನ್ನು ಕೀಳಾಗಿ ಹೇಳುತ್ತಿಲ್ಲ. ಎಡಿನ್‌ಬರೋದಲ್ಲಿ ಒಂದು ಚಳಿಗಾಲ ಆನ್‌ಸೈಟ್ ಇದ್ದಾಗ ಜನವರಿ 25ರಂದು ಟೀಮಿನವರು ಬರ್ನ್ಸ್ ಕವಿಯ ಹೆಸರಿನ ಊಟಕ್ಕೆ ಕರೆದರು. ಮಧ್ಯದಲ್ಲಿ ಹ್ಯಾಗಿಸ್: ಕುರಿಯ ಒಳಭಾಗಗಳನ್ನು ಕೊಚ್ಚಿ ಓಟ್ಸ್ ಸೇರಿಸಿ ಬೇಯಿಸಿದ್ದು, ಬಡವರ ಅಡುಗೆ. ಅದಕ್ಕೆ ಪೈಪ್ ಊದಿ ಮೆರವಣಿಗೆ, ಕತ್ತರಿಸುವ ಮೊದಲು ಪದ್ಯ! ನನಗೆ ತಕ್ಷಣ ಪತ್ರೊಡೆ ನೆನಪಾಯಿತು. ಆ ಊಟ ಮೊದಲು ನಡೆದದ್ದು 1801ರಲ್ಲಿ, ಕವಿ ಸತ್ತ ಐದು ವರ್ಷಕ್ಕೆ, ಅವನ ಗೆಳೆಯರಿಂದ. ಆದರೆ ಊರು ಬಿಟ್ಟ ಸ್ಕಾಟರ ಸಂಘಗಳು ಅದಕ್ಕಿಂತ ಎಷ್ಟೋ ಹಳೆಯವು. ಬಾಸ್ಟನ್ನಿನದು 1657ರದ್ದು. ಕ್ರಾಮ್‌ವೆಲ್ಲನ ಯುದ್ಧದಲ್ಲಿ ಸೆರೆಯಾಗಿ ಜೀತಕ್ಕೆ ಹಡಗು ಹತ್ತಿಸಲ್ಪಟ್ಟ ಸ್ಕಾಟರು ಆ ಪ್ರದೇಶದಲ್ಲಿದ್ದ ಕಾಲ ಅದು; ಕಷ್ಟದಲ್ಲಿರುವ ನಾಡಿಗರಿಗೆ ಕಾಸು ಕೂಡಿಸುವುದು ಸಂಘದ ಕೆಲಸ. ಮಾಹಿಮಿನ ಬಾಂಬೆ ಸ್ಕಾಟಿಷ್ ಶಾಲೆಗೆ ಅಡ್ಮಿಷನ್ ಸಿಕ್ಕಿದರೆ ಈಗ ಪೇಡೆ ಹಂಚುತ್ತಾರೆ; 1847ರಲ್ಲಿ ಅದು ಶುರುವಾದದ್ದು ಅನಾಥಾಲಯವಾಗಿ. ಅಲ್ಲೂ ಊಟಕ್ಕಿಂತ ಮೊದಲು ಕೈಹಿಡಿಯುವ ಕೆಲಸವೇ ಬಂತು.

ನಮ್ಮಲ್ಲಿ ಕೈ ಹಿಡಿಸಿಕೊಂಡವರ ಮಕ್ಕಳು ಮೇಲೆ ಹೋದರು. ಒಳ್ಳೆಯದೇ. ಹೋಟೆಲಿಗೆ ಊರಿನ ಹುಡುಗರು ಬರುವುದು ನಿಂತಿತು, ಕನ್ನಡ ಮಾಧ್ಯಮಕ್ಕೆ ಮಕ್ಕಳಿಲ್ಲದೆ ರಾತ್ರಿ ಶಾಲೆಗಳು ಒಣಗಿದವು. ಇದರಲ್ಲಿ ಯಾರನ್ನೂ ಬೈಯುವಂತಿಲ್ಲ. ನನ್ನ ಮಗಳೇ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

ಆದರೆ ಕೋಪರಿಗೆ ಬರುವವರು ನಿಂತಿಲ್ಲ. ಇದು ಮೊದಲಿಂದಲೂ ಬಂದವರ ಜಾಗ, ದೇಶ ವಿಭಜನೆಯ ನಂತರ ಸಿಂಧಿಗಳು ಬಂದು ನೆಲೆಸಿದ್ದು ಇಲ್ಲೇ. ನಮ್ಮ ಸೊಸೈಟಿಯ ಹಿಂದಿನ ಕಟ್ಟಡದ ಕೆಲಸಕ್ಕೆ ಕಲಬುರಗಿ ಕಡೆಯ ಏಳೆಂಟು ಕುಟುಂಬ ಇವೆ. ಅವರ ಮಕ್ಕಳು ಊರಿನ ಶಾಲೆ ಅರ್ಧಕ್ಕೆ ಬಿಟ್ಟು ಬಂದಿವೆ, ಮರಾಠಿ ಗೊತ್ತಿಲ್ಲ. ಎರಡು ವರ್ಷದಿಂದ ನಾನು ಅವರ ಎದುರೇ ನಡೆದು ಸ್ಟೇಷನ್ನಿಗೆ ಹೋಗಿ ಐರೋಲಿ ಟ್ರೇನ್ ಹಿಡಿಯುತ್ತಿದ್ದೇನೆ. ಕನ್ನಡ ಕಿವಿಗೆ ಬಿದ್ದಿದೆ, ನಿಂತು ಮಾತಾಡಿಸಿಲ್ಲ. ದೊಡ್ಡಪ್ಪನಿಗೆ ಅವರೆಲ್ಲರ ಹೆಸರು ಗೊತ್ತು.

ಬಜೆಟ್ಟಿನಲ್ಲಿ ಸೌಂಡಿನಿಂದ ಸ್ವಲ್ಪ ಕತ್ತರಿಸಿ ‘ಪಾಠ, ಪುಸ್ತಕ’ ಅಂತ ಹೊಸ ಸಾಲು ಹಾಕಿ ಗುಂಪಿಗೆ ಕಳಿಸಿದೆ. ಮೂರು ಥಂಬ್ಸ್ ಅಪ್ ಬಂತು. ಒಬ್ಬರು "ಮುಂದಿನ ವರ್ಷ ನೋಡೋಣ" ಅಂದರು. ಇನ್ನೊಬ್ಬರು ಶನಿವಾರಕ್ಕೆ ತಮ್ಮ ಹಾಲ್ ಬಿಟ್ಟುಕೊಡುತ್ತೇನೆ, ಯಾವ ಟೈಮಿಗೆ ಅಂತ ಕೇಳಿದರು. ಆರೂವರೆ ಅಂತ ಟೈಪ್ ಮಾಡುತ್ತಿದ್ದೆ, ದೊಡ್ಡಪ್ಪ ಕೈ ತಡೆದರು.

"ಎಂಟಕ್ಕೆ ಇಡು. ಏಳರ ಮೊದಲು ಅಪ್ಪ-ಅಮ್ಮನ ಕೆಲಸ ಬಿಡುವುದಿಲ್ಲ. ಸಣ್ಣ ಮಕ್ಕಳನ್ನು ನೋಡಿಕೊಳ್ಳುವುದು ಈ ದೊಡ್ಡ ಮಕ್ಕಳೇ."