ದ್ರವಸ್ಫಟಿಕದ ದೂರದರ್ಶನವೂ ಬೆಂಗಳೂರಿನ ಬಿಲ್ಲೆಯಣುವೂ

ದ್ರವಸ್ಫಟಿಕದ ಪರದೆಯುಳ್ಳ ದೂರದರ್ಶನದ ಇತಿಹಾಸದಲ್ಲಿ ಬೆಂಗಳೂರಿನ ಹೆಸರನ್ನು ಅಭಿಮಾನದಿಂದ ಸೇರಿಸಬೇಕೆನಿಸುವುದು ಸಹಜ. ಆ ಸಂಬಂಧ ಎಷ್ಟರಮಟ್ಟಿನದು ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ರೈನಿಟ್ಜರನು ಕೊಲೆಸ್ಟರಾಲಿನಿಂದ ಪಡೆದ ವಸ್ತುವೊಂದನ್ನು ಕಾಯಿಸಿದಾಗ ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಮಬ್ಬು ಕಳೆದು ತಿಳಿಯಾಯಿತು. ಈ ನಡುವಣ ಅವಸ್ಥೆಯೇ ದ್ರವಸ್ಫಟಿಕ. ಅದು ನೀರಿನಂತೆ ಹರಿಯುತ್ತದೆ. ಆದರೂ ಅದರ ಅಣುಗಳು ಒಂದು ದಿಕ್ಕನ್ನು ಹಿಡಿದಿರುತ್ತವೆ. ಸುಮಾರು ಎಂಬತ್ತು ವರ್ಷ ಇದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು.

1970ರ ಕೊನೆಯಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲಿನಲ್ಲಿ ಶಾಟ್ ಮತ್ತು ಹೆಲ್ಫ್ರಿಶ್ ಎಂಬವರು ರೂಪಿಸಿದ ಕ್ರಮ ಹೀಗಿದೆ: ಎರಡು ಗಾಜುಗಳ ನಡುವೆ ಕಡ್ಡಿಯಾಕಾರದ ಅಣುಗಳು ಮೆಟ್ಟಿಲುಮೆಟ್ಟಿಲಾಗಿ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಹಿಂದಿನ ದೀಪದ ಬೆಳಕು ಮೊದಲ ಧ್ರುವೀಕಾರಕವನ್ನು ದಾಟಿ, ಆ ತಿರುಚನ್ನು ಅನುಸರಿಸಿ ತಾನೂ ತಿರುಗಿ, ಅಡ್ಡವಾಗಿಟ್ಟ ಎರಡನೆಯದರಿಂದ ಹೊರಬರುತ್ತದೆ. ವಿದ್ಯುತ್ತನ್ನು ಹಾಯಿಸಿದರೆ ಅಣುಗಳು ಎದ್ದು ನಿಲ್ಲುತ್ತವೆ, ತಿರುಚು ಬಿಚ್ಚುತ್ತದೆ, ಬೆಳಕು ತಡೆಯಲ್ಪಡುತ್ತದೆ. ಪ್ರತಿಯೊಂದು ಬಿಂದುವಿಗೂ ಟ್ರಾನ್ಸಿಸ್ಟರೊಂದನ್ನು ಜೋಡಿಸಿ, ಕೆಂಪು, ಹಸಿರು, ನೀಲಿ ಶೋಧಕಗಳನ್ನಿಟ್ಟಾಗ ವರ್ಣಚಿತ್ರ ಸಾಧ್ಯವಾಯಿತು. 1988ರಲ್ಲಿ ಜಪಾನಿನ ಶಾರ್ಪ್ ಸಂಸ್ಥೆಯು 14 ಅಂಗುಲದ ವರ್ಣಪರದೆಯನ್ನು ತೋರಿಸಿತು.

ಆದರೆ ಎದ್ದು ನಿಂತ ಕಡ್ಡಿಗಳು ನೇರವಾಗಿ ನೋಡುವವನಿಗೆ ಒಂದು ಬಗೆಯಾಗಿಯೂ ಓರೆಯಿಂದ ನೋಡುವವನಿಗೆ ಇನ್ನೊಂದು ಬಗೆಯಾಗಿಯೂ ಬೆಳಕನ್ನು ಮಾರ್ಪಡಿಸುತ್ತವೆ. ಕೊಡಗಿನ ಬಿಟ್ಟಂಗಾಲದ ಮನೆಯೊಂದರಲ್ಲಿ ಹಬ್ಬಕ್ಕೆ ನೆರೆದ ನೆಂಟರು ಇಂಥ ಪರದೆಯ ಸುತ್ತ ಕುಳಿತರೆ, ನಡುವೆ ಕುಳಿತವರಿಗೆ ಚಿತ್ರ, ಮೂಲೆಯವರಿಗೆ ಮಸಕು.

ಬೆಂಗಳೂರಿನ ಪ್ರಸ್ತಾಪ ಬರುವುದು ಇಲ್ಲಿ. ಎಸ್. ಚಂದ್ರಶೇಖರರು (1930–2004) 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. (ಖಗೋಳವಿಜ್ಞಾನಿ ಚಂದ್ರಶೇಖರರೇ ಬೇರೆ; ಒಬ್ಬರು ರಾಮನ್ನರ ಸೋದರಿಯ ಮಗ, ಇನ್ನೊಬ್ಬರು ಸೋದರನ ಮಗ.) 1977ರಲ್ಲಿ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೊಡನೆ, ಕಡ್ಡಿಯಲ್ಲದ, ಬಿಲ್ಲೆಯಂತಹ ಅಣುಗಳೂ ನಾಣ್ಯಗಳಂತೆ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗಬಲ್ಲವೆಂದು ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬೆಳಕಿನ ವಿಷಯದಲ್ಲಿ ಬಿಲ್ಲೆಯ ಗುಣ ಕಡ್ಡಿಯ ಗುಣಕ್ಕೆ ವಿರುದ್ಧವಾದುದು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಬಿಲ್ಲೆಯಣುಗಳನ್ನು ಓರೆಯಾಗಿ ನಿಲ್ಲಿಸಿದ ತೆಳುಪೊರೆಯನ್ನು ಪರದೆಗೆ ಅಂಟಿಸಿ, ಓರೆನೋಟದ ದೋಷವನ್ನು ಬಹುಮಟ್ಟಿಗೆ ಸರಿದೂಗಿಸಿತು. ಹಾಗೆಂದು ಎಲ್ಲ ದೂರದರ್ಶನಗಳಲ್ಲಿಯೂ ಬೆಂಗಳೂರಿನ ಅಣುವಿದೆಯೆನ್ನುವುದು ಅತಿಶಯೋಕ್ತಿಯಾದೀತು. ಪೊರೆಯಲ್ಲಿ ಬಳಸಿದ್ದು ಟ್ರೈಫಿನಿಲೀನಿನ ಸಂಯುಕ್ತ. ಬೆಂಗಳೂರಿನದು ಬೆಂಜೀನಿನ ಎಸ್ಟರು. ಪೊರೆ ಹೆಚ್ಚಾಗಿ ಹಬ್ಬಿದ್ದೂ ಗಣಕದ ಪರದೆಗಳಲ್ಲಿ. ದೊಡ್ಡ ದೂರದರ್ಶನಗಳಲ್ಲಿ ಅಣುಗಳನ್ನು ಗಾಜಿನ ಮಟ್ಟದಲ್ಲಿಯೇ ತಿರುಗಿಸುವ, ಅಥವಾ ಮೊದಲೇ ನೆಟ್ಟಗೆ ನಿಲ್ಲಿಸುವ ಬೇರೆ ಕ್ರಮಗಳು ಮೇಲುಗೈ ಪಡೆದವು. ಬೆಂಗಳೂರಿಗೆ ಸಲ್ಲಬೇಕಾದುದು ತತ್ತ್ವದ ಶೋಧ, ಸರಕಿನದಲ್ಲ. ಅದು ಕಡಿಮೆಯ ಮಾತೆಂದು ನಮಗೆ ತೋರುವುದಿಲ್ಲ.

ಚಂದ್ರಶೇಖರರು 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಕಟ್ಟಿದರು. ಪರದೆಗಳ ಬೃಹತ್ ತಯಾರಿಕೆ ಮಾತ್ರ ಜಪಾನಿನಿಂದ ಕೊರಿಯಾ, ತೈವಾನ್‌ಗಳಿಗೂ ಅನಂತರ ಚೀನಕ್ಕೂ ಸಾಗಿತು.